ಮಿರಜಿನ ಫ್ರಿಜ್, ಕಾಗವಾಡದ ವಿಳಾಸ

ರಾಯಬಾಗ

ಪ್ರಿಯ ಗೆಳೆಯಾ,

ಪತ್ರವೂ ಅದಕ್ಕೆ ಟಾಚಣಿ ಚುಚ್ಚಿ ಕಳಿಸಿದ ಬಿಲ್ಲಿನ ಝೆರಾಕ್ಸೂ ಮುಟ್ಟಿದವು. ಅಂತೂ ಮಿರಜಿನಿಂದ ಟೆಂಪೋದಲ್ಲಿ ಫ್ರಿಜ್ ಹೇರಿಕೊಂಡು ಕಾಗವಾಡ ಸೇರಿದೆ ಅನ್ನು. "23,600ಕ್ಕ ಶೇಕಡಾ 18 ಅಂದ್ರ 4,248 ಆಗತೈತಿ. ಬಿಲ್ಲಿನ್ಯಾಗ ಬರೇ 3,600 ಹಾಕ್ಯಾನ. ಅಂವ ತಪ್ಪಿದನೋ, ನಾ ತಪ್ಪಿದ್ನೋ?" ಎಂದು ಕೇಳಿದ್ದೀಯಲ್ಲ, ತಪ್ಪಿದವ ನೀನೇ ಮಾರಾಯ. 23,600 ತೆರಿಗೆ ಕೂಡಿಸಿಯೇ ಹೇಳಿದ ದರ. ತೆರಿಗೆ ಬೀಳುವುದು ಅದರ ಹೊಟ್ಟೆಯೊಳಗಿನ ಮೂಲ ಬೆಲೆಯ ಮೇಲೆ. ನೂರರ ಮಾಲಿಗೆ 18 ಕೂಡಿದರೆ 118 ಆಗುತ್ತದೆ. ತಿರುಗಿ ಬರುವಾಗ 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಸಿಗುವುದು 3,600, ಮೂಲ ಬೆಲೆ 20,000.

ಶೇಕಡಾ 5 ಇದ್ದಲ್ಲಿ ಇನ್ನೂ ಸಸಾರ. ಒಟ್ಟು ಮೊತ್ತವನ್ನು 21ರಿಂದ ಭಾಗಿಸಿಬಿಡು. ಅಥಣಿಯಲ್ಲಿ 1,050ಕ್ಕೆ ಚಪ್ಪಲಿ ಕೊಂಡರೆ ತೆರಿಗೆ 50 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ 2,500ರವರೆಗಿನ ಜೋಡಿಗೆ ಶೇಕಡಾ 5 ಅಷ್ಟೇ. ಅದಕ್ಕೂ ಮೊದಲು ಸಾವಿರ ದಾಟಿದರೆ 18 ಇತ್ತು. (ಹೆಸರು ಕೊಲ್ಹಾಪುರಿ, ಹೊಲಿಯುವವರು ನಮ್ಮ ಅಥಣಿ, ನಿಪ್ಪಾಣಿಯವರೂ ಹೌದು. 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿವೆ.) ಸಂತೆಯಲ್ಲಿ ತೂಗಿಸಿ ತಂದ ಬೆಲ್ಲಕ್ಕೆ ತೆರಿಗೆ ಇಲ್ಲ. ಅದೇ ಬೆಲ್ಲ ಲೇಬಲ್ ಹಚ್ಚಿದ ಪಾಕೀಟಿನಲ್ಲಿ ಕೂತರೆ 2022ರ ಜುಲೈ 18ರಿಂದ ಶೇಕಡಾ 5. ಎಂಆರ್‌ಪಿ ಮುದ್ರಿಸಿದ ಮಾಲಿನ ಮೇಲೆ ಮತ್ತೆ ಜಿಎಸ್‌ಟಿ ಅಂತ ಯಾರಾದರೂ ಕೇಳಿದರೆ ಕೊಡಬೇಡ; ಎಂಆರ್‌ಪಿಯೊಳಗೆ ಎಲ್ಲ ತೆರಿಗೆಯೂ ಸೇರಿರುತ್ತದೆ. ಚಿಕ್ಕೋಡಿಯ ಒಂದು ಅಂಗಡಿಯಲ್ಲಿ ನಾನು ಹೀಗೆ ಮಿಕ್ಸರ್ ಜಾರಿಗೆ ಕೊಟ್ಟು ಬಂದು, ಬಸ್ಸಿನಲ್ಲಿ ಕೂತ ಮೇಲೆ ಹಣೆ ಚಚ್ಚಿಕೊಂಡವ. "ಕಂಪೊಸಿಷನ್" ಎಂದು ಬೋರ್ಡು ಹಾಕಿದ ಸಣ್ಣ ಅಂಗಡಿಗಳೂ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲ.

ಇಷ್ಟೆಲ್ಲ ನಿನಗೆ ಯಾರಾದರೂ ಹೇಳುತ್ತಿದ್ದರು. ನನ್ನ ಕಣ್ಣು ನೆಟ್ಟದ್ದು ನಿನ್ನ ಬಿಲ್ಲಿನ ಬೇರೆ ಎರಡು ಕಡೆ. ಅಂಗಡಿಯ ಜಿಎಸ್‌ಟಿ ನಂಬರು 27ರಿಂದ ಶುರುವಾಗಿದೆ, ಅಂದರೆ ಮಹಾರಾಷ್ಟ್ರ. ನಮ್ಮದು 29. ಕೆಳಗೆ ಸಿಜಿಎಸ್‌ಟಿ 1,800, ಎಸ್‌ಜಿಎಸ್‌ಟಿ 1,800. ಮೊದಲನೆಯದು ಕೇಂದ್ರದ ಪಾಲು, ಎರಡನೆಯದು ಮಹಾರಾಷ್ಟ್ರದ್ದು. ಇನ್ನು ನಿನ್ನ ಹೆಸರಿನ ಮುಂದೆ ವಿಳಾಸದ ಜಾಗ ಖಾಲಿ!

2023ರ ಅಕ್ಟೋಬರ್ 1ರಿಂದ ನಿಯಮ ಬದಲಾಗಿದೆ. ನಮ್ಮಂಥ, ಜಿಎಸ್‌ಟಿ ನಂಬರಿಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿ ಬರೆದಿದ್ದರೆ ಮಾರಾಟ ಆ ವಿಳಾಸದ ರಾಜ್ಯಕ್ಕೆ ಲೆಕ್ಕ. ಬರೆಯದಿದ್ದರೆ ಅಂಗಡಿ ಇರುವ ರಾಜ್ಯಕ್ಕೆ. ಪೂರ್ತಿ ವಿಳಾಸವೂ ಬೇಡ, ರಾಜ್ಯದ ಹೆಸರಿದ್ದರೆ ಸಾಕು. "ಕಾಗವಾಡ, ಕರ್ನಾಟಕ" ಎಂದು ಬರೆಸಿದ್ದರೆ ಎರಡು ಸಾಲಿನ ಬದಲು ಐಜಿಎಸ್‌ಟಿ 3,600 ಎಂದು ಒಂದೇ ಸಾಲು ಬರುತ್ತಿತ್ತು, ಅದರಲ್ಲಿ ರಾಜ್ಯದ ಪಾಲು ಮುಂಬೈ ಬದಲು ಬೆಂಗಳೂರಿಗೆ ಹೋಗುತ್ತಿತ್ತು. ನಿನ್ನ ಕಿಸೆಯಿಂದ ಒಂದು ಪೈಸೆಯೂ ಹೆಚ್ಚಿಗೆ ಹೋಗುತ್ತಿರಲಿಲ್ಲ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ನಮ್ಮವರು ರೈಲು ಹತ್ತಿ ಮಿರಜಿಗೆ, ಮದುವೆಯ ಜವಳಿಯಿಂದ ಟಿವಿಯವರೆಗೆ ತರುತ್ತಲೇ ಇದ್ದೇವೆ. 1956ರಿಂದ ಗಡಿಯ ಒಂದೊಂದು ಹಳ್ಳಿಗೂ ಕಚ್ಚಾಡುತ್ತ ಬಂದವರು ಬಿಲ್ಲಿನ ಆ ಖಾಲಿ ಗೆರೆಯನ್ನು ನೋಡಿದ್ದನ್ನು ನಾನಂತೂ ಕಂಡಿಲ್ಲ. ಇದನ್ನು ಅಭಿಮಾನದ ಮಾತೆಂದು ತಿಳಿಯಬೇಡ. ನಿನ್ನ ಮನೆ ಮುಂದಿನ ರಸ್ತೆಯ ತಗ್ಗು ಯಾವ ಸರಕಾರ ಮುಚ್ಚಬೇಕೋ ಅದಕ್ಕೆ ದುಡ್ಡು ಹೋಗಲಿ ಎಂಬ ಬರೀ ಮನೆವಾರ್ತೆಯ ಲೆಕ್ಕ.

ಪೆಟ್ರೋಲಿಗೆ ಮಾತ್ರ ಈ ಆಟ ನಡೆಯದು. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಅದನ್ನು ಹೊರಗೇ ಬಿಟ್ಟಿದೆ. ಇಲ್ಲಿ ಇಂದಿಗೂ 1957ರ ಕಾಯ್ದೆಯ ಹಳೆಯ ಮಾರಾಟ ತೆರಿಗೆಯೇ. 2024ರ ಜೂನ್‌ನಲ್ಲಿ ಅದನ್ನು ಶೇಕಡಾ 29.84ಕ್ಕೆ ಏರಿಸಿದರು. ಗಡಿಯಾಚೆ ಮಹಾರಾಷ್ಟ್ರದ ತೆರಿಗೆ ಬೇರೆ. ಅದಕ್ಕೇ ಕೊಗನೊಳ್ಳಿಯ ಈಚೆ ಒಂದು ದರ, ಕಾಗಲ ಕಡೆ ಇನ್ನೊಂದು.

ಕಚ್ಚಾ ಚೀಟಿಯ ಮಾತನ್ನೂ ಎತ್ತಿದ್ದೀ. "ಬಿಲ್ ಬ್ಯಾಡಂದ್ರ ಐನೂರು ಕಡಿಮಿ ಮಾಡ್ತೀನಂದ" ಎಂದು. ಫ್ರಿಜ್ಜಿನ ಕಂಪ್ರೆಸರ್ ಕೈಕೊಟ್ಟ ದಿನ ಆ ಚೀಟಿ ಹಿಡಿದು ಗ್ಯಾರಂಟಿ ಕೇಳಲು ಹೋಗಿ ನೋಡು, ಐನೂರರ ರುಚಿ ಗೊತ್ತಾಗುತ್ತದೆ. ಪಕ್ಕಾ ಬಿಲ್ ತಂದದ್ದು ಒಳ್ಳೆಯದೇ ಆಯಿತು.

ಬರುವ ರವಿವಾರ ನಾನೂ ಮಿರಜಿಗೆ ಹೊರಟಿದ್ದೇನೆ, ಗ್ರೈಂಡರ್ ತರಬೇಕು. ಕೌಂಟರಿನ ಹುಡುಗ "ಪತ್ತಾ?" ಎಂದು ಕೇಳಲಿ ಬಿಡಲಿ, ನಾನೇ ಬರೆಸುತ್ತೇನೆ. ಆ ಬಿಲ್ಲಿನ ಝೆರಾಕ್ಸ್ ನಿನಗೆ ಕಳಿಸುತ್ತೇನೆ. ವೈನಿಯವರಿಗೆ ನಮಸ್ಕಾರ ಹೇಳು. ಫ್ರಿಜ್ಜಿನಲ್ಲಿ ಮೊಸರು ಹೆಪ್ಪಾಗದೆ ಉಳಿಯುತ್ತಿದೆ ಎಂದರಂತೆ, ಹೆಪ್ಪು ಹಾಕಿ ಹೊರಗಿಟ್ಟು ಆಮೇಲೆ ಒಳಗಿಡಲಿ.

ನಿನ್ನವ