ಕೇಳಿಸುವವನೊಬ್ಬ ಬೇಕು

ಹಾಡುವವನಿಗೆ ಕಂಠವಿದ್ದರೆ ಸಾಲದು, ಅದನ್ನು ನಾಲ್ಕು ಜನಕ್ಕೆ ಕೇಳಿಸುವವನೊಬ್ಬ ಬೇಕು.

ವಾರ್ತಾ ಸಚಿವ ಬಿ.ವಿ. ಕೇಸ್ಕರರಿಗೆ ಹಿಡಿಸದ ಸಿನಿಮಾ ಹಾಡಿಗೆ 1952ರಲ್ಲಿ ಆಕಾಶವಾಣಿಯ ಬಾಗಿಲು ಬಹುಪಾಲು ಮುಚ್ಚಿತು. ಅದೇ ವರ್ಷ ಸಮುದ್ರದಾಚೆಯ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ಬುಧವಾರ ರಾತ್ರಿ ಎಂಟಾದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿತ್ತು. ಅವರು ಅಣ್ಣತಮ್ಮಂದಿರಿಗಿಂತ ಮೊದಲು ಅಕ್ಕತಂಗಿಯರನ್ನು ಕರೆಯುತ್ತಿದ್ದುದು ಅಮ್ಮಿಗೆ ಬಲು ಮೆಚ್ಚು.

ಇಂಗ್ಲೆಂಡಿನಲ್ಲೂ ಇಂಥದೇ ಕಥೆ. 1967ರಲ್ಲಿ ಜಾನ್ ಪೀಲ್ ಎಂಬ ನಿರೂಪಕರು ಕಡಲಲ್ಲಿ ಲಂಗರು ಹಾಕಿದ ಹಡಗಿನ 'ರೇಡಿಯೋ ಲಂಡನ್'ನಿಂದ ನಡುರಾತ್ರಿ ಸೈಕೆಡೆಲಿಕ್ ರಾಕ್ ತಂಡಗಳನ್ನು ಕೇಳಿಸಿದರು. 'ಟಿರಾನೊಸಾರಸ್ ರೆಕ್ಸ್' ಎಂಬ ಇಬ್ಬರ ತಂಡಕ್ಕೆ ಬಿಬಿಸಿ ಸೇರಿದ ಮೇಲೂ ಬೆನ್ನಾಗಿ ನಿಂತರು. ತಂಡ ಹೆಸರು ಮಾಡಿದ ಮೇಲೆ ಸ್ನೇಹ ಹಳಸಿತು. ಆದರೂ 2004ರಲ್ಲಿ ಕಣ್ಣುಮುಚ್ಚುವವರೆಗೆ ಹೊಸಬರನ್ನು ಹುಡುಕುವುದನ್ನು ಅವರು ಬಿಡಲಿಲ್ಲ.

ಸಯಾನಿಯವರೂ 2024ರಲ್ಲಿ ಹೋದರು. ಈಗ ಮೊಬೈಲಿದೆ, ಬಾಗಿಲೆಲ್ಲ ತೆರೆದಿದೆ. ಕೈಹಿಡಿದು ಒಳಗೆ ಕರೆಯುವವರಿಲ್ಲ. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಮೊಹರಂ ಪದ ಹಾಡುತ್ತಾರೆ, ಕನ್ನಡದಲ್ಲೇ. ದ್ವೇಷದ ಮಾತು ಮಾತ್ರ ಊರೂರು ತಲುಪುವ ಈ ದಿನಗಳಲ್ಲಿ, ಆ ಪದಗಳನ್ನು ಪಕ್ಕದೂರಿಗಾದರೂ ಕೇಳಿಸುವವರು ಯಾರು?