ಒಂದು ಪ್ರವಹಣದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಸಾಮಾನ್ಯವಾಗಿ ದೇವಾಲಯಗಳ ವಿಷಯದಲ್ಲಿ ಬಳಸುತ್ತೇವೆ. ಶಿಥಿಲವಾದ ಗೋಡೆಯನ್ನು ಬಿಚ್ಚಿ, ಕೆಟ್ಟ ಕಲ್ಲನ್ನು ತೆಗೆದು, ಗಟ್ಟಿಯಾದುದನ್ನು ಉಳಿಸಿಕೊಂಡು ಮತ್ತೆ ಕಟ್ಟುವುದಕ್ಕೆ ಆ ಹೆಸರು. ಹೊಸತನ್ನು ಕಟ್ಟುವವನಿಗೆ ಕಟ್ಟುವುದೊಂದೇ ಚಿಂತೆ. ಹಳೆಯದನ್ನು ಉದ್ಧರಿಸುವವನಿಗೆ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೂ ಬೇಕು. ಪ್ರೌಢಶಾಲೆಯಲ್ಲಿ ಮೂವತ್ತುನಾಲ್ಕು ವರ್ಷ ಶಬ್ದರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಈ ಪಾಠವಾದದ್ದು ತೀರ್ಥಹಳ್ಳಿಯ ಒಂದು ತಗಡಿನ ಚಪ್ಪರದ ಕೆಳಗೆ, ಹಳೆಯ ಮೆಟಡೋರ್ ಗಾಡಿಯೊಂದರ ಪಕ್ಕದಲ್ಲಿ.

ಮೆಟಡೋರನ್ನು ನಲವತ್ತು ದಾಟಿದ ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಜಾಜ್ ಟೆಂಪೊ ಸಂಸ್ಥೆಯವರು ಜರ್ಮನಿಯ ಹಾನೊಮಾಗ್ ಮಾದರಿಯನ್ನು ಅನುಸರಿಸಿ ನಮ್ಮ ದೇಶದಲ್ಲಿ ತಯಾರಿಸಿದ ವಾಹನ ಅದು. ಮದುವೆಯ ದಿಬ್ಬಣ, ಶಾಲೆಯ ಮಕ್ಕಳು, ಧರ್ಮಸ್ಥಳದ ಯಾತ್ರಿಕರು, ಅಡಕೆಯ ಮೂಟೆ, ಎಲ್ಲವನ್ನೂ ಅದು ಪಕ್ಷಪಾತವಿಲ್ಲದೆ ಹೊತ್ತಿತು. ತಯಾರಿಕೆ ನಿಂತು ಬಹುಕಾಲವಾಯಿತು. ನಾನು ಕೊಂಡದ್ದು 1996ನೆಯ ಇಸವಿಯದು. ತೋಟದವರೊಬ್ಬರ ಖಾಸಗಿ ಗಾಡಿ. ಹಲಸಿನ ಮರದ ಕೆಳಗೆ ನಾಲ್ಕು ಮಳೆಗಾಲಗಳನ್ನು ಕಳೆದು, ಗುಜರಿಯವನ ತಕ್ಕಡಿಯನ್ನು ಎದುರು ನೋಡುತ್ತ ನಿಂತಿತ್ತು.

ಅರುವತ್ತರ ವಯಸ್ಸಿನಲ್ಲಿ ಈ ಹುಚ್ಚೇಕೆ ಎಂದು ಕೇಳಿದವರು ಬಹಳ ಮಂದಿ. ಕಾರಣವನ್ನು ಹೇಳಲು ಸ್ವಲ್ಪ ಸಂಕೋಚವಿದೆಯಾದರೂ ಸಂಸಾರಸ್ಥರು ಓದುವ ಪತ್ರಿಕೆಯಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಮನೆಯಾಕೆಗೆ ಹಲವು ವರ್ಷಗಳಿಂದ ಸಂಧಿವಾತ. ಮೊಣಕಾಲು ಮಡಿಸಲಾರಳು, ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ಪರ್ವತಾರೋಹಣ. ಇದಕ್ಕಿಂತ ದೊಡ್ಡ ಕಷ್ಟವೆಂದರೆ ದಾರಿಯಲ್ಲಿ ಶೌಚದ್ದು. ಕುಕ್ಕರುಗಾಲಿನಲ್ಲಿ ಕೂರಲಾರದ ಹೆಂಗಸು ಪ್ರಯಾಣಕ್ಕೆ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾಳೆ. ಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಿರಿಯ ಹೆಂಗಸರು “ನನಗೆ ಎಲ್ಲಿಗೂ ಬರಲು ಮನಸ್ಸಿಲ್ಲ” ಎನ್ನುವುದರ ಹಿಂದೆ ಇರುವುದು ವೈರಾಗ್ಯವೆಂದು ನಾವು ಗಂಡಸರು ತಿಳಿದುಕೊಳ್ಳುತ್ತೇವೆ. ಅವಳ ಅಕ್ಕ ಹೊನ್ನಾವರದ ಆಚೆ ಶರಾವತಿಯ ದಡದ ಒಂದು ಊರಿನಲ್ಲಿದ್ದಾರೆ. ವಯಸ್ಸು ಎಪ್ಪತ್ತಮೂರು, ಅವರೂ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಇಬ್ಬರೂ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ದೂರವಾಣಿಯಲ್ಲಿ ದಿನವೂ ಮಾತು ನಡೆಯುತ್ತಿತ್ತು. ಮಾತು ಮುಗಿದ ಮೇಲೆ ಇವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದಳು.

ನನ್ನ ಸೋದರಳಿಯ ಯಂತ್ರವಿದ್ಯೆಯನ್ನು ಬಲ್ಲವನು. “ಮಾವ, ಕೊಳ್ಳುವುದಾದರೆ ಮೆಟಡೋರನ್ನೇ ಕೊಳ್ಳೋಣ. ಅದರ ನೆಲ ತಗ್ಗು” ಎಂದವನು ಅವನೇ. ಸಾಧಾರಣವಾಗಿ ಇಂಥ ವಾಹನಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಅದನ್ನೊಯ್ಯುವ ಉದ್ದನೆಯ ಉಕ್ಕಿನ ದಂಡವು ತಳದಲ್ಲಿ ತಿರುಗುತ್ತಿರಬೇಕು. ಮೆಟಡೋರಿನಲ್ಲಿ ಮುಂದಿನ ಗಾಲಿಗಳೇ ಎಳೆಯುತ್ತವೆ. ಹಿಂದಕ್ಕೆ ದಂಡವಿಲ್ಲದ್ದರಿಂದ ನೆಲವನ್ನು ಭೂಮಿಗೆ ಹತ್ತಿರವಾಗಿ ಇಡುವುದು ಸಾಧ್ಯವಾಯಿತು. ಆ ಜರ್ಮನ್ ಶಿಲ್ಪಿಗಳು ಸಾಮಾನು ಹೇರುವ ಅನುಕೂಲವನ್ನು ನೆನೆದು ಹೀಗೆ ಮಾಡಿದರು. ಮಲೆನಾಡಿನ ಒಬ್ಬ ಗೃಹಿಣಿಯ ಮೊಣಕಾಲಿಗೆ ಅದು ಒದಗಿತು.

ತಗಡಿನ ಕೆಲಸಕ್ಕೆ ಒಪ್ಪಿದ ಸಾಹೇಬರು ನನಗಿಂತ ಐದಾರು ವರ್ಷ ಹಿರಿಯರು. ಅವರು ಗಾಡಿಯ ಬಣ್ಣವನ್ನು ನೋಡಲೇ ಇಲ್ಲ. ಚಿಕ್ಕದೊಂದು ಸುತ್ತಿಗೆಯನ್ನು ಹಿಡಿದು, ಸಂತೆಯಲ್ಲಿ ಹೆಂಗಸರು ಮಡಕೆಯನ್ನು ತಟ್ಟಿ ಕೇಳುವಂತೆ, ಮೈಯೆಲ್ಲ ತಟ್ಟುತ್ತ ಬಂದರು. ಗಟ್ಟಿಯಾದ ತಗಡು ಕಂಚಿನ ಹಾಗೆ ನುಡಿಯುತ್ತದೆ. ಒಳಗೆ ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಾಯಿಪಾಠ ಮಾಡಿದ ಹುಡುಗನಿಗೂ ಅರ್ಥ ತಿಳಿದ ಹುಡುಗನಿಗೂ ಇರುವ ಸ್ವರಭೇದವನ್ನು ಬಲ್ಲ ನನಗೆ ಈ ಪರೀಕ್ಷೆ ಬಹಳ ಮೆಚ್ಚಿಗೆಯಾಯಿತು. ಹೊರಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಎಡಬದಿಯನ್ನು ಅವರು ಎರಡು ಸಲ ತಟ್ಟಿ, ಉಳಿಯಿಂದ ಕೆರೆದರು. ಅಂಗೈಯಗಲದ ಪುಟ್ಟಿ ಕಳಚಿ ಬಿತ್ತು. ಹಿಂದೆ ಯಾರೋ ತೂತನ್ನು ಮುಚ್ಚದೆ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಒಳಗಿನ ರಬ್ಬರಿನ ಹಾಸನ್ನು ಎತ್ತಿದಾಗ ಇನ್ನೂ ಕೆಟ್ಟ ನೋಟ. ಹಾಸು ನೀರನ್ನು ಮೇಲಿಂದ ತಡೆಯುತ್ತದೆಂದು ನಾವು ಎಣಿಸುತ್ತೇವೆ. ಒಮ್ಮೆ ಅಂಚಿನಿಂದ ಒಳಗಿಳಿದ ನೀರನ್ನು ಹೊರಗೆ ಹೋಗದಂತೆ ತಡೆಯುವುದೂ ಅದೇ. ನೆಲದ ತಗಡು ಹಪ್ಪಳದಂತೆ ಮುರಿಯಿತು.

“ಮೇಷ್ಟ್ರೇ, ಬಣ್ಣ ಬೇಕೋ ಗಾಡಿ ಬೇಕೋ ಮೊದಲು ಹೇಳಿ” ಎಂದರು ಸಾಹೇಬರು. ಗಾಡಿ ಬೇಕೆಂದೆ. ಕೆಟ್ಟದ್ದನ್ನು ಒಳ್ಳೆಯ ಲೋಹ ಸಿಕ್ಕುವ ತನಕ ಕತ್ತರಿಸಿ, ಹೊಸ ತಗಡನ್ನು ಬೆಸೆದು, ರೆಡ್ ಆಕ್ಸೈಡನ್ನು ಒಳಗೂ ಹೊರಗೂ ಬಳಿಯುವುದಕ್ಕೆ ಏಳು ವಾರ ಹಿಡಿಯಿತು. ಕಣ್ಣಿಗೆ ಕಾಣದ ಕಡೆಯಲ್ಲಿಯೇ ಹೆಚ್ಚು ಕೆಲಸ, ಹೆಚ್ಚು ಖರ್ಚು. ನೋಡಲು ಬಂದ ಸ್ನೇಹಿತರಿಗೆ ತೋರಿಸಲು ಏನೂ ಇರಲಿಲ್ಲ.

ಎಂಜಿನ್ನು ಮಾತ್ರ ನಮ್ಮೆಲ್ಲರಿಗಿಂತ ಆರೋಗ್ಯವಾಗಿತ್ತು. ತೊಟ್ಟಿಯಲ್ಲಿ ತಳಗಟ್ಟಿದ್ದ ಕೆಸರನ್ನು ತೆಗೆದು, ಡೀಸೆಲ್ ನಾಳಗಳೊಳಗೆ ಸೇರಿದ್ದ ಗಾಳಿಯನ್ನು ಹೊರಡಿಸಿದ ಮೇಲೆ ಕೆಮ್ಮುತ್ತ ಎದ್ದಿತು. ಬ್ರೇಕಿನ ರಬ್ಬರುಗಳನ್ನೂ ನಾಳಗಳನ್ನೂ ಪೂರ್ತಿಯಾಗಿ ಬದಲಾಯಿಸಿದೆವು. ಇದರಲ್ಲಿ ಕಾಸು ಉಳಿಸಬಾರದು. ಬ್ರೇಕಿನ ದ್ರವವು ವಾಯುವಿನ ತೇವವನ್ನು ಹೀರಿಕೊಂಡು ಕಾಲಾನಂತರದಲ್ಲಿ ತನ್ನ ಲೋಹವನ್ನೇ ತಿನ್ನುತ್ತದೆ. ಟಯರುಗಳ ಗೀಟು ಚೆನ್ನಾಗಿಯೇ ಇತ್ತು. ಆದರೆ ಅಳಿಯನು ಪಕ್ಕದಲ್ಲಿ ಅಚ್ಚಾಗಿದ್ದ 2309 ಎಂಬ ಅಂಕಿಯನ್ನು ತೋರಿಸಿದ: 2009ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಓಡದೆ ನಿಂತ ರಬ್ಬರಿಗೂ ಮುಪ್ಪು ಬರುತ್ತದೆ. ನಾಲ್ಕನ್ನೂ ತೆಗೆಸಿದೆ.

ಒಳಗಿನ ವ್ಯವಸ್ಥೆಯ ವಿಷಯದಲ್ಲಿ ನಮ್ಮಲ್ಲಿ ಸಣ್ಣ ಮಹಾಭಾರತವಾಯಿತು. ಅಳಿಯನ ನಕ್ಷೆಯಲ್ಲಿ ಒಲೆ, ಗ್ಯಾಸಿನ ಸಿಲಿಂಡರು, ಪಾತ್ರೆಯ ಗೂಡು, ತೊಳೆಯುವ ತೊಟ್ಟಿ ಎಲ್ಲವೂ ಇದ್ದವು. ಮನೆಯಾಕೆ ನಕ್ಷೆಯನ್ನು ತಿರುಗಿಸಿ ನೋಡಿ, “ಮೂವತ್ತೈದು ವರ್ಷ ಅಡುಗೆ ಮಾಡಿದ್ದೇನೆ. ಊರು ನೋಡಲು ಹೊರಟಾಗಲೂ ಒಲೆಯನ್ನು ಬೆನ್ನಿಗೆ ಕಟ್ಟಬೇಕೇ? ಬುತ್ತಿ ಕಟ್ಟಿಕೊಂಡರಾಯಿತು, ತೀರಿದರೆ ಹೋಟೆಲಿದೆ” ಎಂದಳು. ಒಲೆ ಹೋಯಿತು, ಅದರೊಡನೆ ಬೆಂಕಿಯ ಭಯವೂ ಹೋಯಿತು. ಮಂಚ ಹದಿನೆಂಟು ಅಂಗುಲದ ಮೇಲಿರಬೇಕು, ತಗ್ಗಾದರೆ ಏಳಲಾಗುವುದಿಲ್ಲ. ಮಲಗಿದಲ್ಲಿಂದಲೇ ಹೊರಗೆ ಕಾಣುವಂತೆ ಕಿಟಕಿ ಇರಬೇಕು. ಬಾಗಿಲ ಬಳಿ ಹಿಡಿದುಕೊಳ್ಳಲು ಎರಡು ಎತ್ತರಗಳಲ್ಲಿ ಹಿಡಿ ಬೇಕು. ಇಷ್ಟು ಅವಳ ಆಜ್ಞೆ. ಹಲಸಿನ ಹಲಗೆಯ ಮಂಚವನ್ನು ಮಾಡಿಸಬೇಕೆಂದು ನನಗೆ ಆಸೆಯಿತ್ತು. ಭಾರವಾಗುತ್ತದೆಂದು ಅಳಿಯನು ನಿಷೇಧಿಸಿದ. ಅರುವತ್ತು ಲೀಟರು ನೀರು ಹಾಕಿದರೆ ಅದೇ ಅರುವತ್ತು ಕಿಲೋ ಆಗುತ್ತದೆಂದು ಲೆಕ್ಕ ಹೇಳಿದ. ಪ್ಲೈವುಡ್ಡಿನ ಮಂಚವೇ ಆಯಿತು.

ಹಿಂಬದಿಯ ಮೂಲೆಯಲ್ಲಿ ಬಾಗಿಲಿರುವ ಒಂದು ಸಣ್ಣ ಕೋಣೆ. ಅದರಲ್ಲಿ ಎತ್ತರದ ಪೀಠವುಳ್ಳ, ಒಯ್ಯಬಹುದಾದ ಶೌಚಪೆಟ್ಟಿಗೆ. ಮೇಲಿನ ಭಾಗದಲ್ಲಿ ನೀರು, ಕೆಳಗಿನ ಭಾಗ ಸರಿಯುವ ಮುಚ್ಚಳದಿಂದ ಭದ್ರ. ಅದನ್ನು ಬೇರ್ಪಡಿಸಿ ಒಯ್ದು ಶೌಚಾಲಯದಲ್ಲಿ ಬರಿದುಮಾಡಿ ತೊಳೆಯಬೇಕು. ಆ ಕೆಲಸ ನನ್ನದೆಂದು ಮೊದಲೇ ಹೇಳಿದ್ದೆ. ಇಡೀ ವಾಹನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಈ ಎರಡೂವರೆ ಅಡಿಯ ಕೋಣೆ. ಮಿಕ್ಕದ್ದೆಲ್ಲ ಅದರ ಸುತ್ತಣ ಪ್ರಾಕಾರ.

ಕಾನೂನಿನ ಮಾತನ್ನೂ ಹೇಳಬೇಕು. ಆಸನಗಳನ್ನು ತೆಗೆದು ಮಂಚವನ್ನಿಡುವುದು ವಾಹನದ ಮಾರ್ಪಾಡು; 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ ಇದಕ್ಕೆ ನೋಂದಣಿ ಅಧಿಕಾರಿಗಳ ಅನುಮತಿ ಬೇಕು. ಹದಿನೈದು ವರ್ಷ ಮೀರಿದ ಖಾಸಗಿ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ನಾಲ್ಕು ಬಾರಿ ಅಲೆದೆ. ಪಿಂಚಣಿಯ ಕಾಗದಗಳಿಗಾಗಿ ಅಲೆದು ಅಭ್ಯಾಸವಿದ್ದವನಿಗೆ ಇದು ಹೆಚ್ಚಲ್ಲ.

ಹೆಸರಿಡುವ ಹಕ್ಕನ್ನು ನಾನು ಬಿಟ್ಟುಕೊಡಲಿಲ್ಲ. ಹೊದಿಕೆಯುಳ್ಳ ಸವಾರಿಬಂಡಿಗೆ ಸಂಸ್ಕೃತದಲ್ಲಿ ಪ್ರವಹಣವೆಂದು ಹೆಸರು. ಮೃಚ್ಛಕಟಿಕವನ್ನು ಓದಿದವರಿಗೆ ವಸಂತಸೇನೆ ಒಂದು ಪ್ರವಹಣವೆಂದುಕೊಂಡು ಮತ್ತೊಂದನ್ನು ಹತ್ತಿ ಪಟ್ಟ ಪಾಡು ನೆನಪಿರಬಹುದು. ಮುಂಭಾಗದಲ್ಲಿ ಆ ಹೆಸರನ್ನು ಬರೆಸಬೇಕೆಂದಾಗ ಸಾಹೇಬರು ಗಾಬರಿಯಾದರು. “ಬೇಡಿ ಮೇಷ್ಟ್ರೇ. ಪ್ರವಾಹ ಅಂತ ಬರೆಸಿದರೆ ನನ್ನ ಮಾಡು ಸೋರದೆ ಇರುತ್ತದೆಯೇ?” ಅರ್ಥವನ್ನು ವಿವರಿಸಿದೆ, ಒಪ್ಪಿದರಾದರೂ ಸಮಾಧಾನವಾದಂತೆ ಕಾಣಲಿಲ್ಲ. ಆಷಾಢದ ಮಳೆಯಲ್ಲಿ ಅವರೇ ಬಂದು, ಒಳಗೆ ನೆಲಕ್ಕೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿ ರಾತ್ರಿಯೆಲ್ಲ ಬಿಟ್ಟರು. ಬೆಳಗ್ಗೆ ಒಂದು ಹಾಳೆಯ ಮೂಲೆ ನೆನೆದಿತ್ತು. ಮಾಡಿನ ಅಂಚಿನ ದೋಣಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ಮುಚ್ಚಿ ಮತ್ತೆ ಮೂರು ರಾತ್ರಿ ಪತ್ರಿಕೆ ಹಾಸಿದರು. ಕೂಲಿಯನ್ನು ಆಮೇಲೆಯೇ ತೆಗೆದುಕೊಂಡದ್ದು.

ಕಾರ್ತಿಕ ಮಾಸದಲ್ಲಿ ಹೊರಟೆವು. ಸಾಗರವನ್ನು ದಾಟಿ ತಾಳಗುಪ್ಪದ ಬಳಿ ಪರಿಚಿತರ ಅಂಗಳದಲ್ಲಿ ರಾತ್ರಿ ಕಳೆದೆವು. ಮರುದಿನ ಗೇರುಸೊಪ್ಪೆಯ ಘಟ್ಟವನ್ನು ಅಳಿಯನು ಎರಡನೆಯ ಗೇರಿನಲ್ಲಿಯೇ ಇಳಿಸಿದ; ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು ಶಪಿಸಿ ಮುಂದೆ ಹೋದರು. ಮನೆಯಾಕೆ ಮಂಚದ ಮೇಲೆ ಒರಗಿ ಕಿಟಕಿಯಿಂದ ಕಾಡನ್ನು ನೋಡುತ್ತಿದ್ದಳು. ದಾರಿಯಲ್ಲಿ ಎರಡು ಸಲ ನೀರು ಕೇಳಿ ಕುಡಿದಳು. ಅದನ್ನು ನಾನು ಗಮನಿಸಿದೆನೆಂದು ಅವಳಿಗೆ ಗೊತ್ತಾಗಲಿಲ್ಲ.

ಅಕ್ಕನ ಮನೆಯ ಜಗಲಿಗೆ ಕೆಂಪು ಚಿರೆಕಲ್ಲಿನ ಏಳು ಮೆಟ್ಟಿಲು. ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ಅಕ್ಕನವರು ಮೊಮ್ಮಗನ ಭುಜ ಹಿಡಿದು ಒಂದೊಂದಾಗಿ ಇಳಿದು ಬಂದರು. ಗಾಡಿಯ ಹಿಡಿಯನ್ನು ಹಿಡಿದು ಒಂದೇ ಹೆಜ್ಜೆಗೆ ಒಳಗೆ ಹತ್ತಿದರು. “ಏನೇ ಇದು, ಮನೆಯನ್ನೇ ಹೊತ್ತು ತಂದಿದ್ದೀಯಲ್ಲೇ” ಎಂದದ್ದು ಕೇಳಿಸಿತು. ಆಮೇಲೆ ಬಾಗಿಲು ಮುಚ್ಚಿಕೊಂಡಿತು. ಮಧ್ಯಾಹ್ನದ ಊಟದ ಎಲೆಗಳೂ ಅಲ್ಲಿಗೇ ಹೋದವು. ನಾನೂ ಅಳಿಯನೂ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದೆವು. ದೀಪ ಹಚ್ಚುವ ಹೊತ್ತಾದರೂ ಒಳಗೆ ಮಾತು ನಡೆದೇ ಇತ್ತು.