ದೂರದಿಂದ ಹೊಡೆದ ಫೋಟೋ



ಊರೂರು ತಿರುಗೋಕೆ ಯಾವ ಲೆನ್ಸ್ ತಗೋಬೇಕು ಅಂತ ಸುಮಾರು ಹುಡುಗರು ಇನ್‌ಬಾಕ್ಸ್‌ನಲ್ಲಿ ಕೇಳ್ತಾ ಇದ್ದೀರಿ. ಒಬ್ಬೊಬ್ಬರಿಗೇ ಉತ್ತರ ಬರೆಯೋಕೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ನನ್ನದು ಕ್ಯಾನನ್ 200ಡಿ, ಸೆಕೆಂಡ್ ಹ್ಯಾಂಡ್. ಜೊತೆಗೆ ಬಂದಿದ್ದು ಮಾಮೂಲಿ 18-55. ಹೋದ ಮಳೆಗಾಲ ಶಿವನಸಮುದ್ರಕ್ಕೆ ಹೊರಟಾಗ ಗೆಳೆಯನೊಬ್ಬ ತನ್ನ 70-200 ಎಫ್ 2.8 ಲೆನ್ಸ್ ಕೊಟ್ಟ. ಬಿಳೀ ಬಣ್ಣದ್ದು, ಟಿವಿ ಚಾನೆಲ್‌ನೋರ ಕೈಲಿ ನೋಡಿರ್ತೀರಿ. ಲೆನ್ಸೇ ಒಂದೂವರೆ ಕೇಜಿ. ಮಳವಳ್ಳಿಯಲ್ಲಿ ಕೊಳ್ಳೇಗಾಲದ ಬಸ್ ಹತ್ತಿದೆ. ಸೀಟು ಸಿಗಲಿಲ್ಲ. ಒಂದು ಹೆಗಲಿಗೆ ಕರಪತ್ರದ ಚೀಲ, ಇನ್ನೊಂದಕ್ಕೆ ಇದು. ಕ್ರಾಸಲ್ಲಿ ಇಳಿದು ಗಗನಚುಕ್ಕಿ ತನಕ ನಡೆಯೋ ಹೊತ್ತಿಗೆ ಹೆಗಲು ಕಿತ್ತು ಬರ್ತಿತ್ತು. ಆದ್ರೂ ಒಳಗೊಳಗೇ ಒಂಥರಾ ಜಂಭ ಇತ್ತು, ಸುಳ್ಳು ಯಾಕೆ ಹೇಳ್ಲಿ.

ನೀರು ಭರ್ಜರಿಯಾಗಿತ್ತು. ಬೀಳೋ ಕಡೆಗೂ ನಾವು ನಿಂತು ನೋಡೋ ಕಡೆಗೂ ನಡುವೆ ಕಣಿವೆ, ಹಾಗಾಗಿ ಅಲ್ಲಿ ಉದ್ದ ಲೆನ್ಸ್ ನಿಜಕ್ಕೂ ಕೆಲಸಕ್ಕೆ ಬರುತ್ತೆ, ಬಂಡೆ ಸಂದಿಯೆಲ್ಲಾ ಸಿಗುತ್ತೆ. ಅಷ್ಟರಲ್ಲಿ ಒಬ್ಬ ಅವ್ವ ಕಣ್ಣಿಗೆ ಬಿದ್ದರು. ಪ್ರವಾಸಿಗರು ತಿಂದು ಬಿಸಾಕಿದ ತಟ್ಟೆ, ಬಾಟಲಿ ಗುಡಿಸ್ತಾ ಇದ್ದರು. ಹಿಂದೆ ಬೆಳ್ಳಗೆ ಸುರಿಯೋ ಕಾವೇರಿ, ಮುಂದೆ ಪೊರಕೆ. ಇದೇ ಫೋಟೋ ಅಂತ ಐವತ್ತಡಿ ದೂರದಿಂದ ಪಟಪಟ ಹೊಡೆದೆ.

ಅವರು ನೋಡಿಬಿಟ್ಟರು. ಪೊರಕೆ ನೆಲಕ್ಕೂರಿ ನಿಂತು ಕೇಳಿದ್ರು: "ಏನಪ್ಪಾ, ಅಲ್ಲೇ ನಿಂತ್ಕಂಡು ಹೊಡ್ಕಂಡ್ಬುಟ್ಟೆ? ಹತ್ರುಕ್ ಬಂದಿದ್ರೆ ಮೈಲ್ಗೆ ಆಗೋಗ್ತಿತ್ತಾ?"

ನಕ್ಕೊಂಡೇ ಅಂದಿದ್ದು. ನನ್ನ ಮುಖಕ್ಕೆ ಯಾರೋ ಹೊಡೆದಂಗಾಯ್ತು. ಮೈಲಿಗೆ ಅನ್ನೋ ಆ ಪದ ಹಿಡ್ಕೊಂಡು ಎಷ್ಟು ವೇದಿಕೆಯಲ್ಲಿ ಮಾತಾಡಿದ್ದೀನೋ ಲೆಕ್ಕ ಇಲ್ಲ. ಹತ್ರ ಹೋದೆ. "ನಾನೂ ಕೇರಿಯವನೇ ಕಣವ್ವಾ" ಅಂದೆ. "ಹಂಗಾದ್ರೆ ನಿಂಗ್ ಗೊತ್ತಿರ್ಬೇಕಿತ್ತು" ಅಂದು ಮತ್ತೆ ಗುಡಿಸೋಕೆ ಶುರು ಮಾಡಿದರು.

ತೋರಿಸೋಣ ಅಂತ ಸ್ಕ್ರೀನ್ ನೋಡಿದ್ರೆ ಇನ್ನೊಂದು ಅವಮಾನ. ನೀರು ಚೆನ್ನಾಗಿ ಬಂದಿದೆ, ಅವ್ವನ ಮುಖ ಬರೀ ಕಪ್ಪು ಮಚ್ಚೆ. ತಪ್ಪು ನನ್ನದೇ. ಕ್ಯಾಮೆರಾದ ಮೀಟರ್ ಎದುರಿಗಿರೋದನ್ನೆಲ್ಲ ಸರಾಸರಿ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಹಿಂದೆ ಅಷ್ಟು ಬಿಳಿ ಇದ್ರೆ ಒಟ್ಟು ಬೆಳಕನ್ನೇ ಇಳಿಸುತ್ತೆ, ಆಗ ನಮ್ಮ ಬಣ್ಣದ ಮುಖ ಮುಳುಗೋಗುತ್ತೆ. ಇದು ಹಳೇ ಕತೆ. ಫಿಲ್ಮ್ ಕಾಲದಲ್ಲಿ ಕೊಡಕ್ ಕಂಪನಿ ಬಣ್ಣ ಹೊಂದಿಸೋಕೆ ಲ್ಯಾಬ್‌ಗಳಿಗೆ ಕೊಡ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಬಹಳ ವರ್ಷ ಇದ್ದಿದ್ದು ಬಿಳಿ ಹೆಂಗಸಿನ ಫೋಟೋ. ನೀವು ಇಂಥ ಕಡೆ ಎಕ್ಸ್‌ಪೋಶರ್ ಪ್ಲಸ್ 1 ಇಟ್ಕೊಳ್ಳಿ, ಬೇಕಾದ್ರೆ ಇನ್ನೂ ಸ್ವಲ್ಪ ಏರಿಸಿ. ನೀರು ಬೆಳ್ಳಗೆ ಸುಟ್ಟೋದ್ರೆ ಹೋಗ್ಲಿ, ಮುಖ ಬರಬೇಕು.

ವಾಪಸ್ ಬಂದು ದೊಡ್ಡ ಲೆನ್ಸ್ ಕೊಟ್ಟುಬಿಟ್ಟೆ. ಆಮೇಲೆ ಎರಡರ ನಡುವೆ ತೂಗಾಡಿದೆ. 50 ಎಂಎಂ ಎಫ್ 1.8, ತೂಕ 160 ಗ್ರಾಂ. ಕಡಿಮೆ ಬೆಲೆಗೆ ಸಿಗುತ್ತೆ, ಎಲ್ರೂ ಅದನ್ನೇ ಹೇಳ್ತಾರೆ. ಆದ್ರೆ ನಮ್ಮ ಸಣ್ಣ ಸೆನ್ಸರ್ ಮೇಲೆ ಅದು 80ರ ಥರ ಕೆಲಸ ಮಾಡುತ್ತೆ. ನಮ್ಮ ಕೇರಿ ಮನೆ ಒಳಗೆ ಒಬ್ಬರ ಫೋಟೋ ತೆಗೀಬೇಕು ಅಂದ್ರೆ ಬೆನ್ನು ಗೋಡೆಗೆ ತಾಗುತ್ತೆ. ಇನ್ನೊಂದು 24 ಎಂಎಂ ಎಫ್ 2.8, ಚಪಾತಿ ಹಂಗೆ ಚಪ್ಪಟೆ, 125 ಗ್ರಾಂ. ಇದು 38ರ ಥರ. ಇದನ್ನೇ ತಗೊಂಡೆ, ಇದೂ ಸೆಕೆಂಡ್ ಹ್ಯಾಂಡ್. ಬಾಡಿ ಸೇರಿಸಿದ್ರೂ 600 ಗ್ರಾಂ ದಾಟಲ್ಲ, ಕರಪತ್ರದ ಚೀಲದಲ್ಲೇ ಹಿಡಿಯುತ್ತೆ. 18-55ನಲ್ಲಿ 24ಕ್ಕೆ ತಿರುಗಿಸಿದಾಗ ಸಿಗೋ ಬೆಳಕಿಗಿಂತ ಎರಡರಷ್ಟು ಸಿಗುತ್ತೆ. ಟ್ಯೂಬ್‌ಲೈಟ್ ಮಿಣಿಮಿಣಿ ಅನ್ನೋ ಸಮುದಾಯ ಭವನಕ್ಕೆ ಅದು ದೊಡ್ಡ ಮಾತು. ಕೈನಡುಕ ತಡೆಯೋ ವ್ಯವಸ್ಥೆ ಇದ್ರಲ್ಲಿ ಇಲ್ಲ, ಉಸಿರು ಹಿಡಿದು ಹೊಡೀರಿ. ಜೂಮ್ ಅಂತೂ ಇಲ್ಲವೇ ಇಲ್ಲ. ಮುಖ ಬೇಕಂದ್ರೆ ನಾಲ್ಕಡಿ ಹತ್ರ ಹೋಗಲೇಬೇಕು. ಹೋದ್ಮೇಲೆ ಮಾತಾಡ್ಸದೇ ಇರೋಕಾಗಲ್ಲ. "ಬೇಡ" ಅಂದ್ರೆ ಸುಮ್ನೆ ವಾಪಸ್ ಬರಬೇಕು. ನನಗೆ ಮೂರು ಸಲ ಅಂದಿದ್ದಾರೆ.

ಪಳನಿ ಕುಮಾರ್ ಫೋಟೋಗಳನ್ನು ಹುಡುಕಿ ನೋಡಿ. ತಮಿಳುನಾಡಿನವರು, ಮಲಗುಂಡಿಗೆ ಇಳಿಯೋರ ಬದುಕು ತೆಗೆದವರು, ಮೀನು ಮಾರೋ ತಮ್ಮ ತಾಯಿಯನ್ನೂ ತೆಗೆದಿದ್ದಾರೆ. ಅವರು ಎಲ್ಲಿ ನಿಂತಿದ್ದಾರೆ ಅಂತ ಗಮನಿಸಿ.

ಹೋದ ತಿಂಗಳು ಮತ್ತೆ ಹೋಗಿದ್ದೆ. 1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಕೆಜಿಎಫ್ ಗಣಿಗೆ ಹೋಯ್ತು. ಅಲ್ಲಿ ಪಾತಾಳಕ್ಕೆ ಇಳಿದವರಲ್ಲಿ ಹೆಚ್ಚಿನೋರು ನಮ್ಮವರೇ. ಗೂಗಲ್‌ನಲ್ಲಿ ಶಿವನಸಮುದ್ರ ಅಂತ ಹೊಡೆದ್ರೆ ಬರೋದು ಮಾತ್ರ ಹಾಲಿನಂಥ ನೀರು, ಒಬ್ಬ ಮನುಷ್ಯ ಇರಲ್ಲ. ಇದನ್ನೆಲ್ಲ ಯೋಚಿಸ್ತಾ ಹೋದವನಿಗೆ ಆ ಅವ್ವ ಮತ್ತೆ ಸಿಕ್ಕಿದ್ರು. ಗುರುತು ಹಿಡಿದರು. "ದೊಡ್ ತುತ್ತೂರಿ ಎಲ್ಲಪ್ಪಾ?" ಅಂತ ಕೇಳಿದರು. ಪಕ್ಕದಲ್ಲೇ ಕೂತು ಅರ್ಧ ಗಂಟೆ ಮಾತಾಡಿದೆವು. ಆಮೇಲೆ ಅವರೇ ಸೆರಗು ಸರಿ ಮಾಡ್ಕೊಂಡು, ಪೊರಕೆ ಬದಿಗಿಟ್ಟು, "ಈಗ ಹೊಡಿ" ಅಂದ್ರು. ಪೊರಕೆ ಇರದ ಫೋಟೋ. ಇಲ್ಲಿ ಹಾಕ್ತಿಲ್ಲ, ಅದು ಅವರ ಮನೆಗೆ. ಫ್ರೇಮ್ ಹಾಕಿಸೋಕೆ ಕೊಟ್ಟಿದ್ದೀನಿ.

ನನ್ನ ಹಳೇ 18-55 ಸುಮ್ನೆ ಬಿದ್ದಿದೆ. ಚೆನ್ನಾಗೇ ಇದೆ. ಹಾಸ್ಟೆಲ್ ಹುಡುಗ ಹುಡುಗೀರು ಯಾರಿಗಾದ್ರೂ ಬೇಕಿದ್ರೆ ಮೆಸೇಜ್ ಮಾಡಿ, ದುಡ್ಡು ಬೇಡ.